ಲಕ್ಷ ಗುಳ್ಳೆಗಳ ಲೆಕ್ಕ

ಈ ವಾರ ಆನ್‌ಲೈನ್ ಉಪನ್ಯಾಸವೊಂದರಲ್ಲಿ ಕೇಳಿಬಂದ ಪ್ರಶ್ನೆ ಮತ್ತು ಅದಕ್ಕೆ ಸಿಕ್ಕ ಉತ್ತರ ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ಮಾತಾಡಿದವರು ಕಡಲಡಿಯ ಜ್ವಾಲಾಮುಖಿಗಳ ಸದ್ದನ್ನು ಅಧ್ಯಯನ ಮಾಡುವ ಯುವ ಸಂಶೋಧಕಿ. ಮರಿಯಾನಾ ದ್ವೀಪಗಳ ಬಳಿ ಅರ್ಧ ಕಿಲೋಮೀಟರ್ ಆಳದಲ್ಲಿರುವ ನಾರ್ತ್‌ವೆಸ್ಟ್ ರೋಟಾ-1 ಅವರ ಮುಖ್ಯ ಉದಾಹರಣೆ. 2006ರಲ್ಲಿ ಜೇಸನ್ ಎಂಬ ಮಾನವರಹಿತ ನೌಕೆ ಅದರ ಬಾಯಿಯ ಹತ್ತಿರಕ್ಕೇ ಹೋಗಿ ವೀಡಿಯೊ ಜೊತೆಗೆ ಸದ್ದನ್ನೂ ಹಿಡಿದು ತಂದಿತ್ತು. ಕೆಲವು ನಿಮಿಷ ಮೊರೆತ, ಸ್ವಲ್ಪ ಬಿಡುವು, ಮತ್ತೆ ಮೊರೆತ. ಬಾಯಿಂದ ಹೊಮ್ಮುವ ಅನಿಲದ ಗುಳ್ಳೆಗಳ ಸದ್ದು ಕೇಳಿಯೇ ಎಷ್ಟು ಅನಿಲ ಹೊರಬರುತ್ತಿದೆ ಎಂದು ಅಂದಾಜಿಸಬಹುದು ಎಂಬುದು ಅವರ ಮಾತಿನ ತಿರುಳು.

ಆಗ ನಿವೃತ್ತ ಎಂಜಿನಿಯರ್ ಒಬ್ಬರು ಕೇಳಿದರು: "ಅಲ್ಲಮ್ಮಾ, ಒಂದು ಗುಳ್ಳೆಯಾದರೆ ಲೆಕ್ಕ ಹಾಕಬಹುದು. ಲಕ್ಷ ಗುಳ್ಳೆ ಒಟ್ಟಿಗೆ ಸದ್ದು ಮಾಡುವಾಗ ಯಾವುದನ್ನ ಎಣಿಸ್ತೀರಿ?"

"ಎಣಿಸೋದಿಲ್ಲ ಸರ್. ಪಕ್ಕದ ಸಭಾಂಗಣದ ಗದ್ದಲ ಕೇಳಿ ಒಳಗೆ ಐವತ್ತು ಜನ ಇದ್ದಾರೋ ಐನೂರು ಜನ ಇದ್ದಾರೋ ಅಂತ ಹೇಳ್ತೀವಲ್ಲ, ಹಾಗೆ. ಆದರೆ ಒಬ್ಬೊಬ್ಬರು ಎಷ್ಟು ಜೋರಾಗಿ ಮಾತಾಡ್ತಾರೆ ಅನ್ನೋದು ಗೊತ್ತಿರಬೇಕು. ನಮಗೆ ಕಷ್ಟ ಇರೋದು ಅಲ್ಲೇ."

"ಹಾಗಾದರೆ ಉತ್ತರ ಗೊತ್ತಿಲ್ಲ ಅಂತಾಯ್ತು."

"ಗೊತ್ತಿದೆ ಸರ್. ಇಷ್ಟರಿಂದ ಇಷ್ಟರವರೆಗೆ ಅಂತ ಗೊತ್ತಿದೆ."

ನಿರೂಪಕರು ಅಷ್ಟಕ್ಕೇ ತಡೆದು, "ಒಟ್ಟಿನಲ್ಲಿ ಇನ್ನೂ ನಿಖರವಾಗಿಲ್ಲ ಅನ್ನಿ" ಎಂದು ಮುಗಿಸಿಬಿಟ್ಟರು. ನನಗೆ ಸಿಟ್ಟು ಬಂತು. ಆ ಹಿರಿಯರ ಮೇಲಲ್ಲ, ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಆಕೆ ಬಾಯಿಬಿಟ್ಟು ಹೇಳಿದ್ದನ್ನೇ ಸೋಲು ಎಂದು ತಿಳಿದ ನಿರೂಪಕರ ಮೇಲೆ.

ಗುಳ್ಳೆಯೊಂದು ಜ್ವಾಲಾಮುಖಿಯ ಬಾಯಿಂದ ಕಳಚಿಕೊಳ್ಳುವ ಕ್ಷಣದಲ್ಲಿ ಹಿಗ್ಗಿ ಕುಗ್ಗಿ ಮಿಡಿಯುತ್ತದೆ. ಆ ಮಿಡಿತವೇ ಸದ್ದು. ಗುಳ್ಳೆ ದೊಡ್ಡದಾದಷ್ಟೂ ಸ್ವರ ತಗ್ಗುತ್ತದೆ. ಮಿನ್ನಾರ್ಟ್ ಎಂಬ ವಿಜ್ಞಾನಿ 1933ರಲ್ಲೇ ಇದಕ್ಕೆ ಸೂತ್ರ ಕೊಟ್ಟರು. ನೀರಿನ ಮೇಲ್ಮೈ ಬಳಿ ಒಂದು ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸುಮಾರು 3,000 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ರೋಟಾದ ಆಳದಲ್ಲಿ ಒತ್ತಡ ಐವತ್ತು ಪಟ್ಟು, ಸ್ವರ ಏರುವುದು ಒತ್ತಡದ ವರ್ಗಮೂಲದ ಲೆಕ್ಕದಲ್ಲಿ, ಹಾಗಾಗಿ ಅದು ಏಳು ಪಟ್ಟು ಮೇಲಕ್ಕೆ ಹೋಗುತ್ತದೆ. ಅಂದರೆ ಅಷ್ಟೇ ದೊಡ್ಡ ಗುಳ್ಳೆ ಅಲ್ಲಿ ನಮ್ಮ ಕಿವಿಗೆ ಕೇಳಿಸುವುದೇ ಇಲ್ಲ, ನೀರೊಳಗಿನ ಸದ್ದು ಹಿಡಿಯುವ ಹೈಡ್ರೋಫೋನ್‌ಗೆ ಮಾತ್ರ ಕೇಳಿಸುತ್ತದೆ. ಯಾವ ಸ್ವರದಲ್ಲಿ ಎಷ್ಟು ಶಕ್ತಿಯಿದೆ ಎಂದು ಬಿಡಿಸಿ ನೋಡಿದರೆ ಯಾವ ಗಾತ್ರದ ಗುಳ್ಳೆಗಳು ಎಷ್ಟೆಷ್ಟಿವೆ ಎಂದು ತಿಳಿಯಬಹುದು, ಅದರಿಂದ ಅನಿಲದ ಮೊತ್ತವನ್ನೂ ಅಂದಾಜಿಸಬಹುದು. ಲೇಟನ್ ಮತ್ತು ವೈಟ್ ಎಂಬ ಸಂಶೋಧಕರು 2012ರಲ್ಲಿ ಕಡಲಡಿಯ ಅನಿಲ ಸೋರಿಕೆಗಳಿಗೆ ಇದೇ ದಾರಿ ತೋರಿಸಿದರು. ತೊಡಕಿರುವುದು ಒಂದೇ ಕಡೆ. ಕಳಚಿಕೊಳ್ಳುವಾಗ ಪ್ರತಿ ಗುಳ್ಳೆ ಎಷ್ಟು ಬಲವಾಗಿ ಮಿಡಿಯುತ್ತದೆ? ಈ ಆರಂಭದ ಬಲ ಗುಳ್ಳೆಯಿಂದ ಗುಳ್ಳೆಗೆ ಬೇರೆಯಾಗುವುದರಿಂದ ಉತ್ತರವೂ ವ್ಯಾಪ್ತಿಯಾಗಿಯೇ ಬರುತ್ತದೆ.

ನೆಲದ ಮೇಲಿನ ಜ್ವಾಲಾಮುಖಿಯಾದರೆ ಹೊಗೆಯಲ್ಲಿರುವ ಗಂಧಕದ ಡೈಆಕ್ಸೈಡನ್ನು ನೇರಳಾತೀತ ಬೆಳಕಿನಿಂದ ದೂರದಲ್ಲೇ ನಿಂತು ಅಳೆಯುತ್ತಾರೆ. ಕಡಲಡಿಯಲ್ಲಿ ಅದು ನಡೆಯದು. ಬೆಳಕು ದೂರ ಹೋಗುವುದಿಲ್ಲ, ಗಂಧಕದ ಡೈಆಕ್ಸೈಡ್ ನೀರಲ್ಲಿ ಕರಗಿಹೋಗುತ್ತದೆ, ನೀರಾವಿ ತಣ್ಣಗಾಗಿ ನೀರೇ ಆಗಿಬಿಡುತ್ತದೆ. ಬಾಯಿಯ ಬಳಿ ಗುಳ್ಳೆಯಾಗಿ ಉಳಿಯುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್. ಮೇಲೇರುತ್ತಾ ಅದೂ ಕರಗುವುದರಿಂದ ಹುಟ್ಟಿದ ಜಾಗದಲ್ಲೇ ಅದರ ಸದ್ದು ಹಿಡಿಯಬೇಕು. ಭೂಮಿಯ ಶಿಲಾಪಾಕದಲ್ಲಿ ಬಹುಪಾಲು ಹೊರಬೀಳುವುದು ಸಮುದ್ರದಡಿಯಲ್ಲೇ. ಅಲ್ಲಿಯ ಅನಿಲಕ್ಕೆ ದೊಡ್ಡ ವ್ಯಾಪ್ತಿಯ ಅಂದಾಜು ಸಿಕ್ಕರೂ ಅದು ದೊಡ್ಡ ಗಳಿಕೆಯೇ.

ಹತ್ತಿರ ಹೋಗಿ ನೋಡೋಣ ಎಂದವರಿಗೆ ಏನಾಯಿತು ಎಂಬುದೂ ನೆನಪಾಯಿತು. 1952ರ ಸೆಪ್ಟೆಂಬರ್ 24ರಂದು ಜಪಾನಿನ ದಕ್ಷಿಣಕ್ಕೆ ಮ್ಯೋಜಿನ್-ಶೋ ಎಂಬ ಕಡಲಡಿಯ ಜ್ವಾಲಾಮುಖಿಯನ್ನು ಅಧ್ಯಯನ ಮಾಡಲು ಹೋದ ಕೈಯೋ ಮಾರು 5 ಹಡಗು ಸ್ಫೋಟಕ್ಕೆ ಸಿಕ್ಕಿ 31 ಮಂದಿಯೂ ಸತ್ತರು. ಆ ಜ್ವಾಲಾಮುಖಿಯ ಸ್ಫೋಟಗಳ ಸದ್ದು ಶಾಂತ ಸಾಗರ ದಾಟಿ ಕ್ಯಾಲಿಫೋರ್ನಿಯಾ ಕರಾವಳಿಯ ಹೈಡ್ರೋಫೋನ್‌ಗಳಲ್ಲಿ ದಾಖಲಾಗಿತ್ತು. ರೋಟಾದಲ್ಲೇ 2009ರ ಆಗಸ್ಟ್‌ನಲ್ಲಿ ದೊಡ್ಡ ಭೂಕುಸಿತವಾದಾಗ ಅದನ್ನು ಹಿಡಿದಿಟ್ಟದ್ದೂ ಅಲ್ಲೇ ಬಿಟ್ಟುಬಂದಿದ್ದ ಹೈಡ್ರೋಫೋನ್. ಇಷ್ಟು ಮಾಡುವ ಉಪಕರಣವನ್ನು, ಅದರ ಮಿತಿಯನ್ನು ಮುಚ್ಚಿಡದೆ ಹೇಳುವ ಸಂಶೋಧಕಿಯನ್ನು, "ನಿಖರವಾಗಿಲ್ಲ" ಎಂಬ ಒಂದು ಮಾತಿನಲ್ಲಿ ಬದಿಗೆ ಸರಿಸುವುದು ತಪ್ಪು.

ನಿನ್ನೆ ಆ ಸಂಶೋಧಕಿಗೆ ಪತ್ರ ಬರೆದೆ. ಕಡಲಾಳದಷ್ಟೇ ಒತ್ತಡವಿರುವ ತೊಟ್ಟಿಯಲ್ಲಿ, ಅಗಲ ಬೇರೆಬೇರೆಯಾದ ರಂಧ್ರಗಳಿಂದ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳನ್ನು ಒಂದೊಂದಾಗಿ ಬಿಟ್ಟು ಆ ಆರಂಭದ ಬಲವನ್ನು ಅಳೆದರೆ ಅಂದಾಜಿನ ವ್ಯಾಪ್ತಿ ಎಷ್ಟು ಕಿರಿದಾಗಬಹುದು ಎಂದು ಕೇಳಿದ್ದೇನೆ.