ಮುಖ ಕಾಣ್ತಿತ್ತಾ, ಬೆನ್ನು ಕಾಣ್ತಿತ್ತಾ?

ಈ ವಾರ ನಮ್ಮ ಚಿಕ್ಕಪ್ಪನ ಕೈಯಲ್ಲಿ ಒಂದು ಕೊಲೆ ಆಗಿಬಿಡುತ್ತಿತ್ತು.

ಶ್ರೀನಿವಾಸಪುರದ ಹತ್ತಿರ ಅವರ ತೋಟ. ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ರಾತ್ರಿನೇ ಹೋಗಿ ಮೋಟಾರ್ ಹಾಕಬೇಕು. ಕೋಲಾರದ ಕಡೆ ಸಾವಿರ ಅಡಿ ಕೊರೆದರೂ ನೀರು ಸಿಕ್ಕರೆ ಪುಣ್ಯ. ಅಂಥ ಬೋರಿನ ಕೇಬಲ್ ಹೋದರೆ ಕಾಯಿ ಕಟ್ಟಿದ ಟೊಮೆಟೊ ಕಣ್ಣೆದುರೇ ಒಣಗುತ್ತದೆ. ಹಾಗೆ ಹೋದ ರಾತ್ರಿ ಚಿಕ್ಕಪ್ಪ ಟಾರ್ಚ್ ಬಿಟ್ಟಾಗ ಒಬ್ಬ ಹುಡುಗ ಕುಕ್ಕರಗಾಲಲ್ಲಿ ಕೂತು ಕೇಬಲ್ ಕತ್ತರಿಸುತ್ತಿದ್ದ. ಎದ್ದವನೇ ಕಟರ್ ಎತ್ತಿದ. ಚಿಕ್ಕಪ್ಪ ಮಚ್ಚು ಎತ್ತಿದರು. ಅವನು ಕಟರ್ ಬಿಸಾಕಿ ಓಡಿದ. ಇವರೂ ಹಿಂದೆ ಓಡಿದರು. ಬದುವಿನ ಹತ್ತಿರ ಅವನು ಎಡವಿದ, ಕೈಗೆ ಸಿಗುವಷ್ಟು ಹತ್ತಿರ. ಚಿಕ್ಕಪ್ಪ ನಿಂತುಬಿಟ್ಟರು.

ಬೆಳಗ್ಗೆ ಊರವರೆಲ್ಲ ಬಂದು "ಬಿಡಬಾರದಿತ್ತು, ಅಲ್ಲೇ ಮುಗಿಸಬೇಕಿತ್ತು" ಅಂದರು. ನನಗೆ ಸಿಟ್ಟು ಬಂತು. ಜೈಲಿಗೆ ಹೋಗುವವರು ಚಿಕ್ಕಪ್ಪ ತಾನೇ? ನಮ್ಮ ಲಾಯರ್ ಭಾವ ಮಾತ್ರ ಒಂದೇ ಪ್ರಶ್ನೆ ಕೇಳಿದರು.

"ಮಚ್ಚು ಎತ್ತಿದಾಗ ಅವನ ಮುಖ ಕಾಣ್ತಿತ್ತಾ, ಬೆನ್ನು ಕಾಣ್ತಿತ್ತಾ?"

"ಮೊದಲು ಮುಖ. ಆಮೇಲೆ ಬೆನ್ನು."

"ಬೆನ್ನಿಗೆ ಹಾಕಿದ್ದರೆ ನಾನೂ ಉಳಿಸೋಕೆ ಆಗ್ತಿರಲಿಲ್ಲ."

ಆ ಪ್ರಶ್ನೆ ನನ್ನ ತಲೆಯಿಂದ ಹೋಗುತ್ತಿಲ್ಲ. ಭಾವ ಬಿಡಿಸಿ ಹೇಳಿದರು. 2024ರ ಜುಲೈನಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 38ನೇ ಸೆಕ್ಷನ್ ಪ್ರಕಾರ, ಎದುರಿನವನಿಂದ ಸಾವು ಅಥವಾ ತೀವ್ರ ಗಾಯ ಆಗುತ್ತದೆ ಅನ್ನುವ ಭಯಕ್ಕೆ ಕಾರಣ ಇದ್ದರೆ, ತಡೆಯುವಾಗ ಅವನ ಪ್ರಾಣ ಹೋದರೂ ಅಪರಾಧವಲ್ಲ. ಅತ್ಯಾಚಾರಕ್ಕೆ ಬಂದವನು, ಆ್ಯಸಿಡ್ ಎರಚಲು ಬಂದವನು ಎಲ್ಲ ಅದರಲ್ಲೇ ಬರುತ್ತಾರೆ. ಆ ಗಳಿಗೆಯಲ್ಲಿ ಏಟನ್ನು ಚಿನ್ನದ ತಕ್ಕಡಿಯಲ್ಲಿ ತೂಗಿ ಹೊಡೆಯೋಕೆ ಆಗಲ್ಲ ಅಂತ ಕೋರ್ಟುಗಳೂ ಒಪ್ಪಿವೆ. ಆದರೆ ಭಯ ಇರುವವರೆಗೆ ಮಾತ್ರ ಆ ಹಕ್ಕು. ಕಟರ್ ನೆಲಕ್ಕೆ ಬಿದ್ದು ಅವನು ಓಡಿದ ಮೇಲೆ ಉಳಿದಿದ್ದು ಬರೀ ಕಳ್ಳತನದ ಯತ್ನ. ಆಸ್ತಿಗಾಗಿ ಪ್ರಾಣ ತೆಗೆಯುವ ಹಕ್ಕು 41ನೇ ಸೆಕ್ಷನ್‌ನಲ್ಲಿದೆ. ದರೋಡೆ, ರಾತ್ರಿ ಮನೆ ಒಡೆದು ನುಗ್ಗುವುದು, ಮನೆಗೆ ಬೆಂಕಿ ಇಡುವುದು ಇಂಥದ್ದಕ್ಕೆ. ಬಯಲಲ್ಲಿ ಕೇಬಲ್ ಕದ್ದು ಓಡುವವನಿಗೆ ಅದು ಅನ್ವಯಿಸಲ್ಲ.

ರೈತನ ಕಷ್ಟ ಕಾನೂನಿಗೆ ಗೊತ್ತಿಲ್ಲ ಅಂತ ಚಿಕ್ಕಪ್ಪನ ಮಗ ಕೂಗಾಡಿದ. ಅವನ ಹೊಟ್ಟೆಯುರಿ ಸುಳ್ಳಲ್ಲ. ಸ್ಟೇಷನ್‌ನವರು ಬರುವಷ್ಟರಲ್ಲಿ ಕೇಬಲ್ಲೂ ಇರಲ್ಲ, ಕಳ್ಳನೂ ಇರಲ್ಲ. ಆದರೂ ಈ ಗೆರೆ ಸರಿಯಾಗೇ ಇದೆ ಅನ್ನುತ್ತೇನೆ. ಎಷ್ಟೇ ಬೆಲೆಯ ಕೇಬಲ್ ಆದರೂ ಮತ್ತೆ ಎಳೆಯಬಹುದು. ಮುಖ ಎದುರಿಗಿದ್ದಾಗ ಎತ್ತಿದ ಕೈ ನಮ್ಮನ್ನು ಉಳಿಸಿಕೊಳ್ಳೋಕೆ. ಬೆನ್ನಿನ ಮೇಲೆ ಇಳಿಸಿದರೆ ಅದು ಶಿಕ್ಷೆ. ಆ ಅಧಿಕಾರವನ್ನು ನಮಗ್ಯಾರೂ ಕೊಟ್ಟಿಲ್ಲ, ಕೊಡಲೂಬಾರದು.

ಚಿಕ್ಕಪ್ಪನ ಮಗ ಸುಮ್ಮನಾಗಲಿಲ್ಲ. "ಹಂಗಾದ್ರೆ ಬೇಲಿಗೆ ಕರೆಂಟು ಕೊಡ್ತೀನಿ" ಅಂದ. ಹಂದಿಗೆ ಅಂತ ತಂತಿ ಬಿಟ್ಟವರ ಬೇಲಿಗೆ ಮನುಷ್ಯರೇ ಬಲಿಯಾಗುವ ಸುದ್ದಿ ಪೇಪರ್‌ನಲ್ಲಿ ಓದುತ್ತಲೇ ಇರುತ್ತೇವಲ್ವಾ? ಭಾವ 1963ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ಹೇಳಿದರು. ಬಿಹಾರದಲ್ಲಿ ಒಬ್ಬ ತನ್ನ ಕಕ್ಕಸಿಗೆ ಬೇರೆಯವರು ಬರಬಾರದು ಅಂತ ಬರಿಯ ತಾಮ್ರದ ತಂತಿಗೆ ಕರೆಂಟು ಕೊಟ್ಟಿದ್ದ. ತನ್ನ ಮನೆಯ ಕಕ್ಕಸಿನ ಗೋಡೆ ಬಿದ್ದಿದ್ದ ಪಕ್ಕದ ಹೆಂಗಸು ಅಲ್ಲಿಗೆ ಹೋಗಿ ಸತ್ತಳು. ಆಸ್ತಿ ರಕ್ಷಣೆ ಅನ್ನುವ ಅವನ ವಾದ ನಿಲ್ಲಲಿಲ್ಲ, ಶಿಕ್ಷೆ ಆಯಿತು. ತಂತಿ ಯಾರು ಬಂದರು, ಯಾಕೆ ಬಂದರು ಅಂತ ನೋಡುತ್ತದಾ?

ಚಿಕ್ಕಪ್ಪ ಸ್ಟೇಷನ್‌ಗೆ ದೂರು ಕೊಟ್ಟು ಬಂದಿದ್ದಾರೆ, ಆ ಕಟರ್ ಸಮೇತ. ಬೇಲಿ ವಿಷಯಕ್ಕೆ ನಿನ್ನೆ ರಾತ್ರಿ ಅವರ ಮಗನಿಗೆ ಮತ್ತೆ ಫೋನ್ ಮಾಡಿದ್ದೆ. ಆ ಬದುವಿನ ಮೇಲೇ ಊರಿನ ಮಕ್ಕಳು ಬೆಳಗ್ಗೆ ಕತ್ತಲಲ್ಲಿ ಡೈರಿಗೆ ಹಾಲು ತಗೊಂಡು ಹೋಗ್ತಾರೆ ಅಂದೆ. ಯೋಚನೆ ಮಾಡ್ತೀನಿ ಅಂದ. ಭಾನುವಾರ ನಾನೇ ಹೋಗಿ ನೋಡಿಕೊಂಡು ಬರುತ್ತೇನೆ.