ಕಮಾಡಿಟಿ ಟ್ರೇಡಿಂಗ್‌ಗೆ ಯಾವ ಆಪ್ ಹಾಕಿಕೊಳ್ಳಲಿ?

ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಬೆಳೆಗಾರ ಸ್ನೇಹಿತರು, ಈಗೀಗ ಅವರ ಮಕ್ಕಳು ಕೂಡ, ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ನಾನು ಮೊದಲು ತಿರುಗಿ ಕೇಳುತ್ತೇನೆ: ಏನನ್ನು ಟ್ರೇಡ್ ಮಾಡಬೇಕು ಅಂತಿದ್ದೀರಿ? ಹೆಚ್ಚಿನವರು ಕಾಫಿ ಅನ್ನುತ್ತಾರೆ.

ಹಾಗಿದ್ದರೆ ಯಾವ ಆಪೂ ಬೇಡ. ರೊಬಸ್ಟಾ ಕಾಫಿಯ ಫ್ಯೂಚರ್ಸ್ (ಮುಂದಿನ ತಿಂಗಳ ಸರಕಿಗೆ ಈಗಲೇ ಬೆಲೆ ಕಟ್ಟುವ ಒಪ್ಪಂದ) ಮುಖ್ಯವಾಗಿ ನಡೆಯುವುದು ಲಂಡನ್ನಿನಲ್ಲಿ, ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ. ನಮ್ಮ ಚೆರಿ, ಪಾರ್ಚ್‌ಮೆಂಟ್ ಕಾಫಿ ಮೂಟೆಯ ರೇಟು ಅದನ್ನು ನೋಡಿಕೊಂಡೇ ಏರಿಳಿಯುತ್ತದೆ, ನಿಜ. ಆದರೆ ಇಲ್ಲಿಂದ ದುಡ್ಡು ಕಳಿಸಿ ಅಲ್ಲಿ ಮಾರ್ಜಿನ್ (ವ್ಯವಹಾರಕ್ಕೆ ಮುಂಗಡವಾಗಿ ಇಡುವ ಹಣ) ಕಟ್ಟಲು ರಿಸರ್ವ್ ಬ್ಯಾಂಕ್ ನಿಯಮ ಬಿಡುವುದಿಲ್ಲ. ಟೆಲಿಗ್ರಾಂ ಗ್ರೂಪಿನಲ್ಲಿ ಲಿಂಕ್ ಕಳಿಸಿ, ಯಾರದೋ ಹೆಸರಿನ ಖಾತೆಗೆ ಹಣ ಹಾಕಿಸಿಕೊಂಡು, ನಿಮಗೆ ಲಂಡನ್ ಕಾಫಿ ಕೊಡಿಸುತ್ತೇವೆ ಅನ್ನುವವರನ್ನು ದಯವಿಟ್ಟು ನಂಬಬೇಡಿ. ವರ್ಷವಿಡೀ ದುಡಿದ ಬೆಳೆಯ ದುಡ್ಡು ಅದು.

ಚಿನ್ನ, ಬೆಳ್ಳಿ, ಕಚ್ಚಾ ತೈಲ ಅಂತಾದರೆ ನಮ್ಮ ದೇಶದ್ದೇ ಕಮಾಡಿಟಿ ಎಕ್ಸ್‌ಚೇಂಜ್ ಎಂಸಿಎಕ್ಸ್ ಇದೆ. ಮಾರುಕಟ್ಟೆ ನಿಯಂತ್ರಕ ಸೆಬಿಯಲ್ಲಿ ನೋಂದಾಯಿಸಿದ, ಎಂಸಿಎಕ್ಸ್ ಸದಸ್ಯತ್ವ ಇರುವ ಬ್ರೋಕರ್ ಆಪ್ ಮಾತ್ರ ನೋಡಿ. ನೋಂದಣಿ ಸಂಖ್ಯೆ ಐಎನ್‌ಝಡ್ ಅಂತ ಶುರುವಾಗುತ್ತದೆ. ಆಪ್‌ನಲ್ಲಿ ಬರೆದಿದ್ದರೆ ಸಾಲದು, ಸೆಬಿ ವೆಬ್‌ಸೈಟಿನ ಪಟ್ಟಿಯಲ್ಲಿ ಅದೇ ಹೆಸರು, ಅದೇ ಸಂಖ್ಯೆ ಸಿಗಬೇಕು.

ಆಮೇಲೆ ನಾನು ನೋಡುವುದು ಫೋನ್ ಕರೆಯಲ್ಲೂ ಆರ್ಡರ್ ತೆಗೆದುಕೊಳ್ಳುತ್ತಾರಾ ಅಂತ. ಎಂಸಿಎಕ್ಸ್ ಕಡಿಮೆ ಅಂದರೂ ರಾತ್ರಿ ಹನ್ನೊಂದೂವರೆವರೆಗೆ ನಡೆಯುತ್ತದೆ, ತೈಲದ ದೊಡ್ಡ ಏರಿಳಿತ ಬರುವುದೂ ಸಂಜೆ ಮೇಲೇ. ಜುಲೈನಲ್ಲಿ ನಮ್ಮಲ್ಲಿ ಮರ ಬಿದ್ದು ಕರೆಂಟ್ ಹೋದರೆ ಹಿಂದೆಯೇ ನೆಟ್‌ವರ್ಕ್ ಹೋಗುತ್ತದೆ, ಅಲ್ವಾ? ಆಗ ಲ್ಯಾಂಡ್‌ಲೈನಿನಿಂದಲಾದರೂ ಫೋನ್ ಮಾಡಿ, ಕೊಂಡ ಲಾಟ್ (ಒಂದು ಒಪ್ಪಂದದ ನಿಗದಿತ ಪ್ರಮಾಣ) ಕ್ಲೋಸ್ ಮಾಡಿಸಿ ಹೊರಬರಲು ಒಂದು ನಂಬರ್ ಬೇಕೇ ಬೇಕು. ಖಾತೆ ತೆರೆಯುವ ಮೊದಲೇ ಒಂದು ರಾತ್ರಿ ಆ ನಂಬರಿಗೆ ಫೋನ್ ಮಾಡಿ ನೋಡಿ, ಯಾರಾದರೂ ಎತ್ತುತ್ತಾರಾ ಅಂತ.

ಹೊರಬರಲು ಆಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 2020ರ ಏಪ್ರಿಲ್ 20 ನೋಡಿ. ಲಾಕ್‌ಡೌನ್‌ನಿಂದಾಗಿ ಎಂಸಿಎಕ್ಸ್ ಸಂಜೆ 5ಕ್ಕೇ ಮುಚ್ಚುತ್ತಿತ್ತು. ಆಗ ತೈಲ ಬ್ಯಾರೆಲ್‌ಗೆ 965 ರೂಪಾಯಿ. ಆ ರಾತ್ರಿ ಅಮೆರಿಕದಲ್ಲಿ ಬೆಲೆ ಸೊನ್ನೆಗಿಂತ ಕೆಳಗೆ ಹೋಯಿತು, ಅದನ್ನೇ ಹಿಡಿದು ಇಲ್ಲಿ ಮೈನಸ್ 2,884 ರೂಪಾಯಿಗೆ ಲೆಕ್ಕ ಚುಕ್ತಾ ಆಯಿತು. ಒಂದು ಲಾಟ್ ಅಂದರೆ 100 ಬ್ಯಾರೆಲ್. 965ಕ್ಕೆ ಒಂದೇ ಲಾಟ್ ಕೊಂಡು ಇಟ್ಟುಕೊಂಡವರಿಗೂ ಸುಮಾರು 3.85 ಲಕ್ಷ ರೂಪಾಯಿ ನಷ್ಟ. ಹಾಕಿದ ಮಾರ್ಜಿನ್ ಹೋಗಿ, ಮೇಲೆ ಕೈಯಿಂದ ಕಟ್ಟಬೇಕಾದ ಲೆಕ್ಕ ಇದು. ಅದಕ್ಕೇ ಹೊಸಬರಿಗೆ ಗೋಲ್ಡ್ ಪೆಟಲ್ ಅನ್ನುವ 1 ಗ್ರಾಂ ಚಿನ್ನದ ಲಾಟ್ ಸಾಕು ಅಂತೀನಿ. ಅಂಥ ಸಣ್ಣ ಲಾಟ್‌ಗಳನ್ನೂ, ಬೇಕಾಗುವ ಮಾರ್ಜಿನ್ ಎಷ್ಟು ಅನ್ನುವುದನ್ನೂ ಆರ್ಡರ್ ಹಾಕುವ ಮೊದಲೇ ತೋರಿಸುವ ಆಪ್ ಆಗಿರಲಿ.

ಬ್ರೋಕರೇಜ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಹೆಚ್ಚು ಕಡಿಮೆ ಎಲ್ಲ ಡಿಸ್ಕೌಂಟ್ (ಕಡಿಮೆ ಶುಲ್ಕದ) ಬ್ರೋಕರ್‌ಗಳಲ್ಲೂ ಆರ್ಡರಿಗೆ 20 ರೂಪಾಯಿ ಆಸುಪಾಸು.

ಇದನ್ನು ಓದುವ ಹೊತ್ತಿಗೆ ಎಲ್ಲೋ ದುಡ್ಡು ಹಾಕಿಯಾಗಿದೆ, ವಾಪಸ್ ಕೇಳಿದರೆ ಮೊದಲು ಟ್ಯಾಕ್ಸ್ ಕಟ್ಟಿ ಅಂತಿದ್ದಾರೆ ಅಂತಾದರೆ, ಇನ್ನೊಂದು ರೂಪಾಯಿಯೂ ಕಳಿಸಬೇಡಿ. ಈಗಲೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.