ಉಣ್ಣಿ, ಪಟ್ಟುಣ್ಣಿ ಮತ್ತು ನಮ್ಮ ಕರಿಯ

ನಮ್ಮ ನಾಯಿ ಕರಿಯ ಗಂಜಿಯ ಬಟ್ಟಲನ್ನು ಮೂಸಿಯೂ ನೋಡಲಿಲ್ಲ. ಅಂಗಳದಲ್ಲಿ ಒಣಹಾಕಿದ ಅಡಿಕೆಯ ಮೇಲೆ ಕಾಗೆ ಕುಳಿತರೂ ತಲೆ ಎತ್ತಲಿಲ್ಲ. "ಉಷ್ಣವಾಗಿರಬೇಕು, ಮಜ್ಜಿಗೆ ಹಾಕು" ಎಂದರು ಅಮ್ಮ. ತುಟಿ ಎತ್ತಿ ನೋಡಿದೆ. ಒಸಡಿಗೆ ಸುಣ್ಣ ಬಳಿದಂತಿತ್ತು. ಮಜ್ಜಿಗೆಯಿಂದ ಆಗುವ ಕೆಲಸವಲ್ಲವೆಂದು ರಿಕ್ಷಾ ಕರೆಸಿ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಪಶುವೈದ್ಯರ ಬಳಿಗೆ ಹೊರಟೆ.

"ಮೈ ತುಂಬ ಉಣ್ಣಿ ಡಾಕ್ಟ್ರೇ" ಎಂದಾಗ ಅವರು ನಕ್ಕರು. ಮಲಯಾಳದಲ್ಲಿ ಉಣ್ಣಿ ಎಂದರೆ ಮುದ್ದಿನ ಹುಡುಗ; ರಕ್ತ ಹೀರುವವನು ಪಟ್ಟುಣ್ಣಿ. ಗಡಿಯಲ್ಲಿ ಬದುಕುವವರಿಗೆ ರೋಗ ಹೇಳುವುದಕ್ಕೂ ಎರಡು ಭಾಷೆ ಬೇಕು.

ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಏನೂ ಕಾಣಲಿಲ್ಲ. ನಾನು ನಿಟ್ಟುಸಿರು ಬಿಟ್ಟೆ, ಅವರು ಬಿಡಲಿಲ್ಲ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕುಸಿದಿವೆ, ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆಗೆ ಕಳುಹಿಸೋಣ ಎಂದರು. ಬಂದ ವರದಿಯಲ್ಲಿ ಎರಡು ಹೆಸರು: ಬಬೇಸಿಯಾ ಗಿಬ್ಸೋನಿ, ಎರ್ಲಿಕಿಯಾ ಕ್ಯಾನಿಸ್. ಮೊದಲನೆಯದು ಕೆಂಪು ರಕ್ತಕಣದೊಳಗೆ ಕೂರುವ ಪರೋಪಜೀವಿ. ಎರಡನೆಯದು ಬಿಳಿ ರಕ್ತಕಣ ಸೇರುವ ಬ್ಯಾಕ್ಟೀರಿಯಾ.

ಊರಿನ ನಾಯಿಗಳಲ್ಲಿ ಎಷ್ಟಕ್ಕೆ ಈ ಕಾಯಿಲೆ ಇದೆ ಎಂಬ ಪ್ರಶ್ನೆ ನನ್ನನ್ನು ಬಿಡದೆ ಕಾಡಿದ್ದು ಆಮೇಲೆ. ಗಾಜಿನ ಪಟ್ಟಿಯನ್ನು ನಂಬಿದ್ದರೆ ಕರಿಯ ಆರೋಗ್ಯವಂತರ ಲೆಕ್ಕಕ್ಕೆ ಸೇರುತ್ತಿದ್ದ. ರಕ್ತದಲ್ಲಿ ಪರೋಪಜೀವಿ ವಿರಳವಾಗಿದ್ದಾಗ ಕಣ್ಣಿಗೆ ಸಿಗುವುದಿಲ್ಲ; ಹಾಗಾಗಿ ಸೂಕ್ಷ್ಮದರ್ಶಕದ ಎಣಿಕೆ ಸಾಮಾನ್ಯವಾಗಿ ಕಡಿಮೆ, ಪಿಸಿಆರ್‌ನ ಎಣಿಕೆ ಹೆಚ್ಚು. ಆಸ್ಪತ್ರೆಗೆ ಬಂದ ನಾಯಿಗಳನ್ನಷ್ಟೇ ಎಣಿಸಿದರೂ ತಪ್ಪು. ಅವು ಬಂದದ್ದೇ ಕಾಯಿಲೆ ಬಿದ್ದ ಮೇಲೆ. ಬಸ್‌ಸ್ಟ್ಯಾಂಡಿನಲ್ಲಿ ಬಾಲ ಅಲ್ಲಾಡಿಸುವ ನಾಯಿಯ ರಕ್ತವನ್ನು ಯಾರು ನೋಡಿದ್ದಾರೆ? ಶೇಕಡಾವಾರು ಕೇಳಿದಾಗಲೆಲ್ಲ, ಯಾವ ನಾಯಿಗಳು, ಯಾವ ಪರೀಕ್ಷೆ ಎಂದು ನಾನೀಗ ಮೊದಲು ಕೇಳುತ್ತೇನೆ.

ಈ ಗಿಬ್ಸೋನಿ ಹೊಸಬನಲ್ಲ. 1910ರಲ್ಲಿ ಪ್ಯಾಟನ್ ಎಂಬವರು ಅದನ್ನು ಮದರಾಸಿನ ಬೇಟೆನಾಯಿಗಳಲ್ಲಿ ಕಂಡು ವಿವರಿಸಿದರು. ಆಮೇಲೆ ನರಿಯ ರಕ್ತದಲ್ಲೂ ಸಿಕ್ಕಿತು. ಉಣ್ಣಿಯಿಂದ ಮಾತ್ರವಲ್ಲ, ನಾಯಿಗಳ ಕಚ್ಚಾಟದಿಂದಲೂ ಹರಡುತ್ತದೆ. ಕರಿಯನ ಎಡಕಿವಿ ಹರಿದದ್ದು ಕಳೆದ ವರ್ಷ, ಪಕ್ಕದ ತೋಟದವನೊಂದಿಗೆ ಜಗಳವಾಡಿ.

ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ 28 ದಿನ. ಗಿಬ್ಸೋನಿಗೆ ಅಟೊವಾಕೋನ್, ಜೊತೆಗೆ ಅಜಿತ್ರೋಮೈಸಿನ್, ಹತ್ತು ದಿನ. ಅಟೊವಾಕೋನನ್ನು ಜಿಡ್ಡಿನ ಆಹಾರದೊಂದಿಗೆ ಕೊಟ್ಟರೆ ಮೈಗೆ ಚೆನ್ನಾಗಿ ಹತ್ತುತ್ತದಂತೆ. ಕರಿಯನಿಗೆ ದಿನಾ ತುಪ್ಪದ ಅನ್ನ, ನನಗೆ ಔಷಧದ ಬಿಲ್ಲು. ಜ್ವರ ಇಳಿಯಿತು. ಆದರೂ ಗಿಬ್ಸೋನಿ ಮೈಯೊಳಗೆ ಅಡಗಿ ಉಳಿಯಬಹುದು, ಮತ್ತೆ ಪರೀಕ್ಷೆ ಮಾಡಿಸಬೇಕು ಎಂದಿದ್ದಾರೆ.

ನಾಯಿಯ ಮೈಯಿಂದ ಉಣ್ಣಿ ಹೆಕ್ಕಿ ಸೀಮೆಎಣ್ಣೆಗೆ ಹಾಕಿ ಕೆಲಸ ಮುಗಿಯಿತು ಎಂದುಕೊಂಡಿದ್ದೆವು. ರಾತ್ರಿ ಟಾರ್ಚ್ ಹಿಡಿದು ಕೊಟ್ಟಿಗೆಯ ಮುರಕಲ್ಲಿನ ಗೋಡೆ ನೋಡಿದಾಗ ನಿಜ ತಿಳಿಯಿತು. ಹೊಟ್ಟೆ ತುಂಬಿದ ಹೆಣ್ಣುಣ್ಣಿ ನಾಯಿಯಿಂದ ಇಳಿದು ಸಂದಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮುರಕಲ್ಲಿನಲ್ಲಿ ತೂತುಗಳಿಗೆ ಬರವೇ? ಮೂರು ಗೋಡೆಗೆ ಗಾರೆ ಬಳಿಸಿದೆ. ಪಡುವಣದ್ದು ಬಾಕಿ, ಮೇಸ್ತ್ರಿ ಸೋಮವಾರ ಬರುತ್ತಾರಂತೆ.